ಹದಿನಾರು ಕೋರ್ ಬೇಕೆಂದು ಕೊಬ್ಬರಿ ಮಾರುವ ಮುನ್ನ

ತಿಪಟೂರು, ತುಮಕೂರು, ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೇ ವರ್ಷದ ಪ್ರಾಜೆಕ್ಟ್ ಶುರುವಾಯಿತೆಂದರೆ ನಮ್ಮ ಕಂದಿಕೆರೆ ಕಡೆಯ ಮನೆಗಳಿಗೆ ಒಂದು ಫೋನ್ ಬರುತ್ತದೆ. ಲ್ಯಾಪ್‌ಟಾಪ್ ಸ್ಲೋ, ಮಾಡೆಲ್ ಟ್ರೇನ್ ಆಗ್ತಿಲ್ಲ, ಹೊಸದು ಬೇಕು. ಈಚೆಗೆ ಟೀ ಅಂಗಡಿಯಲ್ಲಿ ಸಿಕ್ಕ ಯಜಮಾನರೊಬ್ಬರು ನಮ್ಮನ್ನೇ ಕೇಳಿದರು: "ಎಂಟು ಕೋರಿಂದು ಐತೆ ಸ್ವಾಮಿ, ಹದಿನಾರು ಕೋರಿಂದು ಬೇಕಂತಾಳೆ ಮಗಳು. ಅದೇನು ಕೋರೋ ಏನೋ, ಅಟ್ಟದಾಗಿರೋ ಕೊಬ್ರಿ ಕೊಟ್ಬಿಡಾನ ಅಂತಿದೀನಿ. ಪೇಪರ್ನೋರು ನೀವೇನಂತೀರಿ?"

ಮಾರಬೇಡಿ, ಮೊದಲು ಅಳೆಯಿರಿ ಅಂತೀವಿ. ಯಾಕೆ ಅನ್ನುವುದನ್ನು ಟೀ ಆರುವುದರೊಳಗೆ ಹೇಳಿ ಮುಗಿಸಲು ಆಗಲಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ದುಡ್ಡಿನ ಮಾತು. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ. ಆ ಲೆಕ್ಕದಲ್ಲಿ 72,000 ರೂಪಾಯಿಯ ಲ್ಯಾಪ್‌ಟಾಪ್ ಎಂದರೆ ಆರು ಕ್ವಿಂಟಲ್ ಕೊಬ್ಬರಿ. ಮಾರುಕಟ್ಟೆ ಏರಿದಾಗ ಕ್ವಿಂಟಲ್ ಕಡಿಮೆ ಸಾಕಾಗಬಹುದು, ಆದರೆ ಕಾಯಿ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯುವುದು ಮಾತ್ರ ತಪ್ಪುವುದಿಲ್ಲ. ಅಷ್ಟು ಕಾದು ಮಾಡಿದ ದುಡ್ಡನ್ನು ಹಾಕುವಾಗ, ಕಾಯಿಲೆ ಏನೆಂದು ತಿಳಿಯದೆ ಔಷಧಿ ಕೊಂಡ ಹಾಗಾಗಬಾರದು.

ಕಾಯಿಲೆ ತಿಳಿಯಬೇಕಾದರೆ ಮಕ್ಕಳು ಮಾಡುವ ಕೆಲಸ ಏನೆಂದು ಸ್ವಲ್ಪ ಗೊತ್ತಿರಬೇಕು. ಉದಾಹರಣೆಗೆ ತೆಂಗಿನ ಗರಿಯ ಫೋಟೋ ನೋಡಿ ರೋಗ ಹೇಳುವ ಮಾಡೆಲ್. ನಮ್ಮ ಕಡೆಯ ಮಕ್ಕಳಿಗೆ ಇದಕ್ಕಿಂತ ಹತ್ತಿರದ ವಿಷಯ ಇನ್ನೊಂದಿಲ್ಲ. ಕಪ್ಪು ತಲೆ ಹುಳು ತಿಂದ ಗರಿ ಯಾವುದು, ಬಿಳಿ ನೊಣ ಕೂತ ಗರಿ ಯಾವುದು, ಆರೋಗ್ಯವಾಗಿರುವುದು ಯಾವುದು ಎಂದು ಹೆಸರು ಬರೆದ ಸಾವಿರಾರು ಫೋಟೋಗಳನ್ನು ಕಂಪ್ಯೂಟರಿಗೆ ಮತ್ತೆ ಮತ್ತೆ ತೋರಿಸಬೇಕು. ಎಲ್ಲಾ ಫೋಟೋಗಳ ಒಂದು ಸುತ್ತಿಗೆ ಎಪೋಕ್ ಅನ್ನುತ್ತಾರೆ. ಇಂಥ ಐವತ್ತು, ನೂರು ಸುತ್ತು ಆಗಬೇಕು. ಕಂಪ್ಯೂಟರಿನ ಒಳಗಿನ ಕೋರ್ ಎಂದರೆ ಲೆಕ್ಕ ಮಾಡುವ ಒಂದು ಆಳು ಅಂದುಕೊಳ್ಳಿ. ಎಂಟು ಕೋರ್ ಇದ್ದರೆ ಎಂಟು ಆಳು. ಕೆಲಸವನ್ನು ಹಂಚಿ ಒಟ್ಟಿಗೇ ಮಾಡಿಸುವುದೇ ಪ್ಯಾರಲಲ್ ಟ್ರೇನಿಂಗ್.

ಎಂಟು ಆಳಿನ ಬದಲು ಹದಿನಾರು ಆಳು ಕರೆದರೆ ಅರ್ಧ ಹೊತ್ತಿಗೆ ಕೆಲಸ ಮುಗಿಯಬೇಕಲ್ಲವೇ? ಕಾಯಿ ಸುಲಿಸಿದವರಿಗೆ ಉತ್ತರ ಗೊತ್ತು. ತೋಟದಿಂದ ಕಾಯಿ ತರುವುದು ಒಂದೇ ಟ್ರ್ಯಾಕ್ಟರ್ ಆದರೆ, ಅದು ಬರುವವರೆಗೆ ಹದಿನಾರೂ ಜನ ಎಲೆ ಅಡಿಕೆ ಹಾಕಿಕೊಂಡು ಕೂತಿರುತ್ತಾರೆ. ಕೂಲಿ ಮಾತ್ರ ಹದಿನಾರು ಜನಕ್ಕೂ ಕೊಡಬೇಕು.

ಇದನ್ನು ಲೆಕ್ಕದಲ್ಲಿ ಹೇಳಿದವರು ಐಬಿಎಂನಲ್ಲಿದ್ದ ಜೀನ್ ಅಮ್ಡಾಲ್, 1967ರಲ್ಲಿ. ಹತ್ತು ಗಂಟೆಯ ಕೆಲಸದಲ್ಲಿ ಎಂಟು ಗಂಟೆಯದ್ದನ್ನು ಹಂಚಬಹುದು, ಎರಡು ಗಂಟೆಯದ್ದನ್ನು ಹಂಚಲಾಗದು ಎಂದುಕೊಳ್ಳಿ. ಎಂಟು ಕೋರ್ ಇದ್ದರೆ ಹಂಚಿದ ಕೆಲಸ ಒಂದು ಗಂಟೆಗೆ ಇಳಿಯುತ್ತದೆ, ಒಟ್ಟು ಮೂರು ಗಂಟೆ. ಹದಿನಾರು ಕೋರ್ ಹಾಕಿದರೆ ಎರಡೂವರೆ ಗಂಟೆ. ಆರು ಕ್ವಿಂಟಲ್ ಕೊಬ್ಬರಿ ಮಾರಿ ಉಳಿಸಿದ್ದು ಅರ್ಧ ಗಂಟೆ! ಸಾವಿರ ಕೋರ್ ತಂದರೂ ಎರಡು ಗಂಟೆಗಿಂತ ಕೆಳಗೆ ಬರದು. ಹಂಚಲಾಗದ ಆ ಎರಡು ಗಂಟೆಯನ್ನು ಒಂದು ಗಂಟೆಗೆ ಇಳಿಸಿದರೆ? ಹಳೇ ಎಂಟು ಕೋರಿನಲ್ಲೇ ಎರಡು ಗಂಟೆಗೆ ಮುಗಿಯುತ್ತದೆ, ಬಿಡಿಗಾಸು ಖರ್ಚಿಲ್ಲದೆ.

ಅಮ್ಡಾಲ್ ನಿಯಮ ಮಕ್ಕಳಿಗೆ ಗೊತ್ತಿಲ್ಲ ಅಂತಲ್ಲ. ನಾವು ಮಾತಾಡಿಸಿದ ಹುಡುಗರು ಸೂತ್ರವನ್ನು ಬಾಯಿಪಾಠ ಒಪ್ಪಿಸಿದರು. ನಿಮ್ಮ ಪ್ರಾಜೆಕ್ಟಿನಲ್ಲಿ ಹಂಚಲಾಗದ ಪಾಲು ಎಷ್ಟು ಅಂದರೆ ಮುಖ ಮುಖ ನೋಡಿಕೊಂಡರು. ಪರೀಕ್ಷೆಯಲ್ಲಿ ಬರೆಯುವ ನಿಯಮ ಬೇರೆ, ಹಾಸ್ಟೆಲಿನಲ್ಲಿ ಬಿಸಿಯಾಗಿ ಕೂಗುವ ಲ್ಯಾಪ್‌ಟಾಪ್ ಬೇರೆ ಎಂಬಂತೆ ಕಲಿಸಲಾಗಿದೆ. ನಮ್ಮ ಸಿಟ್ಟು ಮಕ್ಕಳ ಮೇಲಲ್ಲ, ಈ ಕಲಿಸುವ ರೀತಿಯ ಮೇಲೆ.

ಹಾಗಾದರೆ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ನೋಡುವುದು ಹೇಗೆ? ವಿಂಡೋಸ್ ಇದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಒತ್ತಿ. ಲಿನಕ್ಸ್ ಇದ್ದರೆ ಎಚ್‌ಟಾಪ್. ಟ್ರೇನಿಂಗ್ ನಡೆಯುವಾಗ ಐದು ನಿಮಿಷ ಸುಮ್ಮನೆ ಕೂತು ನೋಡಬೇಕು. ಸಿಪಿಯು, ಮೆಮೊರಿ, ಡಿಸ್ಕ್, ಈ ಮೂರರಲ್ಲಿ ಯಾವುದು ದಣಿದಿದೆ, ಯಾವುದು ಕೈಕಟ್ಟಿ ಕೂತಿದೆ? ಡಾಕ್ಟರು ನಾಡಿ ನೋಡಿದ ಹಾಗೆ.

ಡಿಸ್ಕ್ ನೂರಕ್ಕೆ ನೂರು, ಸಿಪಿಯು ಹದಿನೈದೋ ಇಪ್ಪತ್ತೋ. ಫೋಟೋ ಪ್ರಾಜೆಕ್ಟುಗಳಲ್ಲಿ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಲೆಕ್ಕ ಹಾಕೋಣ. ಫೋನಿನಲ್ಲಿ ತೆಗೆದ ಒಂದು ಫೋಟೋ ನಾಲ್ಕು ಎಂಬಿ. ಆರು ಸಾವಿರ ಫೋಟೋ ಎಂದರೆ 24 ಜಿಬಿ. ಲ್ಯಾಪ್‌ಟಾಪಿನ ರ‍್ಯಾಮ್ ಎಂಟು ಜಿಬಿ. ಅಷ್ಟೂ ಫೋಟೋ ಒಳಗೆ ಹಿಡಿಯುವುದಿಲ್ಲ, ಹಾಗಾಗಿ ಪ್ರತಿ ಸುತ್ತಿಗೂ ಡಿಸ್ಕಿನಿಂದ ಮತ್ತೆ ಓದಬೇಕು. ಹಳೇ ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು ನೂರು ಎಂಬಿ ಓದುತ್ತದೆ ಎಂದಿಟ್ಟುಕೊಂಡರೂ ಬರೀ ಓದುವುದಕ್ಕೇ ಒಂದು ಸುತ್ತಿಗೆ ನಾಲ್ಕು ನಿಮಿಷ. ಐವತ್ತು ಸುತ್ತಿಗೆ ಮೂರು ಗಂಟೆ ಇಪ್ಪತ್ತು ನಿಮಿಷ. ಓದಿದ ಮೇಲೆ ಅಷ್ಟು ದೊಡ್ಡ ಫೋಟೋವನ್ನು ಬಿಡಿಸಬೇಕು, ಆಮೇಲೆ ಚಿಕ್ಕದು ಮಾಡಬೇಕು. ತಮಾಷೆ ಏನೆಂದರೆ, ಮಕ್ಕಳು ಬಳಸುವ ಬಹುಪಾಲು ಮಾಡೆಲ್‌ಗಳಿಗೆ ಬೇಕಾದದ್ದು ಉದ್ದಗಲ 224 ಚುಕ್ಕಿಯ ಪುಟ್ಟ ಚಿತ್ರ ಮಾತ್ರ. ದೊಡ್ಡದನ್ನು ಓದಿ, ಚಿಕ್ಕದು ಮಾಡಿ, ಒಮ್ಮೆ ಬಳಸಿ, ಬಿಸಾಕಿ, ಮುಂದಿನ ಸುತ್ತಿಗೆ ಮತ್ತೆ ದೊಡ್ಡದನ್ನೇ ಓದುವುದು! ಪ್ರತಿ ಸಲ ಚಟ್ನಿಗೆ ಒಂದು ಹೋಳು ಬೇಕೆಂದು ತೋಟಕ್ಕೆ ಹೋಗಿ ಮರ ಹತ್ತಿದ ಹಾಗೆ.

ಒಂದೇ ಒಂದು ಸಲ, ಟ್ರೇನಿಂಗ್‌ಗೆ ಮುಂಚೆ, ಎಲ್ಲಾ ಫೋಟೋಗಳನ್ನೂ ಚಿಕ್ಕದು ಮಾಡಿ ಬೇರೆ ಫೋಲ್ಡರಿಗೆ ಹಾಕಿದರೆ ಮುಗಿಯಿತು. ಒಂದೊಂದೂ ಇಪ್ಪತ್ತು ಕೆಬಿ ಆಯಿತೆಂದರೆ ಆರು ಸಾವಿರಕ್ಕೆ 120 ಎಂಬಿ. ಅದು ರ‍್ಯಾಮಿನ ಮೂಲೆಯಲ್ಲಿ ಕೂರುತ್ತದೆ. ಹತ್ತು ಸಾಲಿನ ಪೈಥಾನ್ ಕೆಲಸ. ಜೊತೆಗೆ ಇನ್ನೊಂದು: ಪೈಟಾರ್ಚ್ ಬಳಸುವವರು ಡೇಟಾಲೋಡರ್‌ನಲ್ಲಿ ನಮ್ ವರ್ಕರ್ಸ್ ಎಂಬ ಸಂಖ್ಯೆ ನೋಡಬೇಕು. ಏನೂ ಬರೆಯದಿದ್ದರೆ ಅದು ಸೊನ್ನೆ. ಅಂದರೆ ಫೋಟೋ ತರುವವನೂ ಲೆಕ್ಕ ಮಾಡುವವನೂ ಒಬ್ಬನೇ. ಅದನ್ನು ಎರಡೋ ನಾಲ್ಕೋ ಮಾಡಿದರೆ ತರುವ ಆಳು ಬೇರೆಯಾಗುತ್ತದೆ.

ಇನ್ನೊಂದು ಚಿತ್ರ: ಎಂಟು ಕೋರಿನ ಯಂತ್ರದಲ್ಲಿ ಸಿಪಿಯು ಹನ್ನೆರಡು ಹದಿಮೂರರಲ್ಲೇ ನಿಂತಿದೆ, ಡಿಸ್ಕೂ ತಣ್ಣಗಿದೆ. ನೂರನ್ನು ಎಂಟರಿಂದ ಭಾಗಿಸಿ ನೋಡಿ, ಹನ್ನೆರಡೂವರೆ. ಒಂದೇ ಆಳು ದುಡಿಯುತ್ತಿದೆ, ಏಳು ಮಲಗಿವೆ. ಪೈಥಾನಿನಲ್ಲಿ ಒಂದು ಬೀಗ ಇದೆ, ಜಿಐಎಲ್ ಎಂದು ಕರೆಯುತ್ತಾರೆ. ಒಂದು ಪ್ರೋಗ್ರಾಮಿನೊಳಗೆ ಎಷ್ಟೇ ಥ್ರೆಡ್ ಮಾಡಿದರೂ ಒಂದು ಹೊತ್ತಿಗೆ ಒಂದೇ ಥ್ರೆಡ್ ಪೈಥಾನ್ ಸಾಲುಗಳನ್ನು ನಡೆಸಲು ಅದು ಬಿಡುತ್ತದೆ. 2024ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.13ರಲ್ಲಿ ಬೀಗವಿಲ್ಲದ ಆವೃತ್ತಿಯನ್ನು ಪ್ರಯೋಗಕ್ಕೆಂದು ಕೊಟ್ಟಿದ್ದಾರೆ, ಆದರೆ ಮಕ್ಕಳ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಇರುವುದು ಬೀಗದ್ದೇ. ಅದಕ್ಕೆ ಥ್ರೆಡ್ ಬದಲು ಬೇರೆ ಬೇರೆ ಪ್ರೋಸೆಸ್ ಮಾಡಬೇಕು, ಇಲ್ಲವೇ ಒಳಗೆ ಸಿ ಭಾಷೆಯಲ್ಲಿ ಬರೆದ ನಮ್‌ಪೈಯಂಥ ಲೈಬ್ರರಿಗೆ ಭಾರದ ಲೆಕ್ಕ ಒಪ್ಪಿಸಬೇಕು.

ಪ್ರೋಸೆಸ್ ಮಾಡಿದರೆ ಇನ್ನೊಂದು ತಲೆನೋವು. ಪ್ರತಿ ಪ್ರೋಸೆಸ್ಸೂ ಡೇಟಾದ ತನ್ನದೇ ನಕಲು ಇಟ್ಟುಕೊಳ್ಳಬಹುದು. ಮಳೆ, ಮಣ್ಣು, ಇಳುವರಿಯ ಅಂಕಿಗಳ ಫೈಲು ಒಳಗೆ ಬಿಚ್ಚಿದಾಗ ಒಂದೂವರೆ ಜಿಬಿ ಆಯಿತೆನ್ನಿ. ಎಂಟು ನಕಲಿಗೆ ಹನ್ನೆರಡು ಜಿಬಿ. ಎಂಟು ಜಿಬಿಯ ಯಂತ್ರ ಉಳಿದದ್ದನ್ನು ಡಿಸ್ಕಿಗೆ ತಳ್ಳುತ್ತದೆ, ಬೇಕಾದಾಗ ವಾಪಸು ತರುತ್ತದೆ, ಮತ್ತೆ ತಳ್ಳುತ್ತದೆ. ಮೆಮೊರಿ ತೊಂಬತ್ತೈದು ದಾಟಿ ಡಿಸ್ಕ್ ಲೈಟು ಬಡಬಡ ಮಿನುಗುತ್ತಿದ್ದರೆ ಇದೇ ಕಥೆ. ಆಗ ಎಂಟು ಪ್ರೋಸೆಸ್ಸನ್ನು ಮೂರಕ್ಕೆ ಇಳಿಸಿದರೆ ಕೆಲಸ ಬೇಗ ಆಗುತ್ತದೆ. ಕಡಿಮೆ ಆಳು ಹಾಕಿದರೆ ಬೇಗ ಎನ್ನುವುದನ್ನು ಮಕ್ಕಳು ಮೊದಲು ನಂಬುವುದೇ ಇಲ್ಲ. ಮಾಡಿ ನೋಡಿದ ಮೇಲೆ ನಂಬುತ್ತಾರೆ.

ಇದಕ್ಕೆ ತದ್ವಿರುದ್ಧವಾದದ್ದೂ ಇದೆ: ಸಿಪಿಯು ನೂರಕ್ಕೆ ನೂರು, ಫ್ಯಾನು ಅರಚುತ್ತಿದೆ, ಆದರೂ ಕೆಲಸ ಸಾಗದು. ಸೈಕಿಟ್ ಲರ್ನ್ ಬಳಸುವವರು ಎನ್ ಜಾಬ್ಸ್ ಎಂಬಲ್ಲಿ ಮೈನಸ್ ಒಂದು ಬರೆಯುತ್ತಾರೆ, ಅಂದರೆ ಇರುವ ಎಲ್ಲಾ ಕೋರ್ ಬಳಸು ಅಂತ. ಯೂಟ್ಯೂಬ್ ವಿಡಿಯೋ ನೋಡಿ ಅದನ್ನು ಎಲ್ಲ ಕಡೆ ಬರೆಯುವುದು ರೂಢಿಯಾಗಿದೆ. ಕೆಳಗೆ ಲೆಕ್ಕ ಮಾಡುವ ಓಪನ್‌ಬ್ಲಾಸ್, ಎಂಕೆಎಲ್‌ನಂಥ ಲೈಬ್ರರಿಗಳೂ ತಮ್ಮಷ್ಟಕ್ಕೆ ತಾವೇ ಎಲ್ಲಾ ಕೋರ್ ಹಿಡಿಯಲು ನೋಡುತ್ತವೆ. ಎಂಟು ಪ್ರೋಸೆಸ್, ಒಂದೊಂದರಲ್ಲೂ ಎಂಟು ಥ್ರೆಡ್, ಅಲ್ಲಿಗೆ ಅರವತ್ತನಾಲ್ಕು. ಇರುವುದು ಎಂಟು ಕೋರ್. ಕಾಯಿ ಸುಲಿಯಲು ನೆಟ್ಟ ಎಂಟು ಹಾರೆಗೆ ಅರವತ್ತನಾಲ್ಕು ಜನ ಸರದಿ ನಿಂತ ಹಾಗೆ, ಏಳುವುದು ಕೂರುವುದರಲ್ಲೇ ಹೊತ್ತು ಹೋಗುತ್ತದೆ. ಸೈಕಿಟ್ ಲರ್ನ್ ಒಳಗೆ ಬಳಸುವ ಜಾಬ್‌ಲಿಬ್‌ನ ಈಚಿನ ಆವೃತ್ತಿಗಳು ಇದನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತವೆ. ಕೈಯಾರೆ ಮಲ್ಟಿಪ್ರೋಸೆಸಿಂಗ್ ಬರೆದವರಿಗೆ ಆ ರಕ್ಷಣೆ ಇಲ್ಲ. ಓಎಂಪಿ ನಮ್ ಥ್ರೆಡ್ಸ್ ಎಂಬುದನ್ನು ಪ್ರೋಗ್ರಾಮ್ ಶುರುವಾಗುವ ಮುನ್ನವೇ ಒಂದು ಎಂದು ಇಟ್ಟರೆ ಆ ಜಾತ್ರೆ ಕರಗುತ್ತದೆ.

ಡೇಟಾ ತೀರಾ ಚಿಕ್ಕದಿದ್ದರೆ, ಐನೂರು ಸಾಲಿನ ಎಕ್ಸೆಲ್ ಇದ್ದರೆ, ಹಂಚುವುದೇ ಬೇಡ. ಎಂಟು ಪ್ರೋಸೆಸ್ ಎಬ್ಬಿಸುವಷ್ಟರಲ್ಲಿ ಒಂದೇ ಕೋರ್ ಕೆಲಸ ಮುಗಿಸಿ ಕೂತಿರುತ್ತದೆ.

ಅಂಗಡಿಯವರು ಹೇಳುವ ಕೋರ್ ಸಂಖ್ಯೆಯ ಬಗ್ಗೆಯೂ ಒಂದು ಮಾತು. ಇಂಟೆಲ್‌ನ 12ನೇ ತಲೆಮಾರಿನಿಂದ ಈಚೆಗೆ ಅನೇಕ ಚಿಪ್‌ಗಳಲ್ಲಿ ಎರಡು ಬಗೆಯ ಕೋರ್‌ಗಳಿವೆ. ಐ5 1235ಯು ಎಂಬ ಚಿಪ್ ನೋಡಿ, ಡಬ್ಬದ ಮೇಲೆ ಹತ್ತು ಕೋರ್. ಅದರಲ್ಲಿ ಜೋರು ಕೋರ್ ಎರಡು, ಕರೆಂಟು ಉಳಿಸುವ ಮೆಲ್ಲಗಿನ ಕೋರ್ ಎಂಟು. ಕೆಲಸವನ್ನು ಹತ್ತು ಸಮಪಾಲು ಮಾಡಿ ಹಂಚಿದರೆ ಜೋರಿನವು ಬೇಗ ಮುಗಿಸಿ ಮೆಲ್ಲಗಿನವಕ್ಕೆ ಕಾಯುತ್ತವೆ. ಹನ್ನೆರಡು ಥ್ರೆಡ್ ಎಂದೂ ಬರೆದಿರುತ್ತದೆ. ಥ್ರೆಡ್ಡನ್ನು ಕೋರ್ ಎಂದು ಎಣಿಸಬೇಡಿ, ಒಂದೇ ಕೋರ್ ಎರಡು ಕೆಲಸವನ್ನು ಜೊತೆಗಿಟ್ಟುಕೊಂಡಿರುವುದು ಅಷ್ಟೇ.

ಇನ್ನು ಬಿಸಿಲು. ಮಾರ್ಚ್ ಏಪ್ರಿಲ್‌ನಲ್ಲಿ ಶೀಟಿನ ಮನೆಯಲ್ಲಿ, ಹಾಸಿಗೆ ಮೇಲೆ ಲ್ಯಾಪ್‌ಟಾಪ್ ಇಟ್ಟು ಟ್ರೇನಿಂಗ್ ಬಿಟ್ಟರೆ ಮೊದಲ ಹತ್ತು ನಿಮಿಷ ಓಡುತ್ತದೆ, ಆಮೇಲೆ ತೆವಳುತ್ತದೆ. ಚಿಪ್ ಕಾದಾಗ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಚಾರ್ಜರ್ ಹಾಕದೆ ಬ್ಯಾಟರಿಯಲ್ಲಿ ಓಡಿಸಿದರೂ ಬಹಳಷ್ಟು ಲ್ಯಾಪ್‌ಟಾಪ್‌ಗಳು ವೇಗ ಇಳಿಸುತ್ತವೆ. ಕೆಳಗೆ ಗಾಳಿ ಆಡುವಂತೆ ಗಟ್ಟಿ ಮೇಜಿನ ಮೇಲಿಡಿ, ರಾತ್ರಿ ತಂಪಿನಲ್ಲಿ ಓಡಿಸಿ. ಕರೆಂಟು ಹೋಗುವ ಊರುಗಳಲ್ಲಿ ಪ್ರತಿ ಸುತ್ತು ಮುಗಿದಾಗಲೂ ಮಾಡೆಲ್ ಸೇವ್ ಆಗುವಂತೆ ಬರೆದಿಡಿ. ಬೆಳಗಿನ ಜಾವ ನಾಲ್ಕಕ್ಕೆ ಎಲ್ಲಾ ಹೋಯಿತು ಎಂದು ಅತ್ತವರನ್ನು ನಾವು ನೋಡಿದ್ದೇವೆ.

ಇದೆಲ್ಲ ಹಳ್ಳಿ ಮಕ್ಕಳ ಬಡತನದ ಸಮಸ್ಯೆ ಎಂದು ತಿಳಿಯಬೇಡಿ. ದೊಡ್ಡವರಿಗೂ ಇದೇ ಕಾಡಿದೆ, ಅದೂ ನಮ್ಮ ಬೆಂಗಳೂರಿನಲ್ಲೇ. 1986ರಲ್ಲಿ ಅಲ್ಲಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್, ಎನ್‌ಎಎಲ್, ಫ್ಲೋಸಾಲ್ವರ್ ಎಂಬ ಯೋಜನೆ ಶುರುಮಾಡಿತು. ರೊದ್ದಂ ನರಸಿಂಹ ಆಗ ನಿರ್ದೇಶಕರು, ತಂಡ ಮುನ್ನಡೆಸಿದವರು ಯು.ಎನ್. ಸಿನ್ಹಾ. ಅಮೆರಿಕದ ಕ್ರೇ ಸೂಪರ್ ಕಂಪ್ಯೂಟರ್ ಬೇಕೆಂದರೆ ದುಡ್ಡೂ ಬೇಕು, ಅಲ್ಲಿನ ಸರ್ಕಾರದ ಅಪ್ಪಣೆಯೂ ಬೇಕು ಎನ್ನುವ ಕಾಲ. ಇವರು ನಾಲ್ಕು ಸಾಧಾರಣ ಇಂಟೆಲ್ 8086 ಪ್ರೊಸೆಸರ್‌ಗಳನ್ನು ಜೋಡಿಸಿ ಒಟ್ಟಿಗೆ ದುಡಿಸಿದರು. ದೇಶದ ಮೊದಲ ಪ್ಯಾರಲಲ್ ಕಂಪ್ಯೂಟರ್ ಎಂದು ಅದನ್ನೇ ಹೇಳುತ್ತಾರೆ. ಪುಣೆಯ ಸಿ-ಡ್ಯಾಕ್ ಪರಮ್ 8000 ತಂದದ್ದು 1991ರಲ್ಲಿ.

ವಿಮಾನದ ಸುತ್ತ ಗಾಳಿ ಹೇಗೆ ಹರಿಯುತ್ತದೆ ಎಂದು ಲೆಕ್ಕ ಹಾಕಲು ಹುಟ್ಟಿದ ಆ ಯಂತ್ರವನ್ನು ಮುಂದೆ ಮುಂಗಾರಿನ ಲೆಕ್ಕಕ್ಕೂ ಹೂಡಿದರು. ವರ್ಷಾ ಎಂಬ ಹವಾಮಾನ ಮಾಡೆಲ್ ಬಂದದ್ದು ಹಾಗೆ. ಮುಂಗಾರಿನ ಲೆಕ್ಕದಲ್ಲಿ ಒಂದು ಪ್ರೊಸೆಸರ್ ತನ್ನ ಪಾಲಿನದ್ದು ಮಾಡಿಕೊಂಡು ಸುಮ್ಮನಿರಲು ಆಗದು. ಇಲ್ಲಿನ ಗಾಳಿಗೂ ಅಲ್ಲಿನ ಮೋಡಕ್ಕೂ ಸಂಬಂಧ ಇರುವುದರಿಂದ ಹೆಜ್ಜೆ ಹೆಜ್ಜೆಗೂ ಎಲ್ಲರೂ ಎಲ್ಲರೊಂದಿಗೆ ಅಂಕಿ ಹಂಚಿಕೊಳ್ಳಬೇಕು. ಪ್ರೊಸೆಸರ್ ಹೆಚ್ಚಿದಂತೆ ಲೆಕ್ಕಕ್ಕಿಂತ ಈ ಮಾತುಕತೆಗೇ ಹೆಚ್ಚು ಹೊತ್ತು ಹಿಡಿಯುತ್ತದೆ. ಮುಂದಿನ ತಲೆಮಾರಿನ ಫ್ಲೋಸಾಲ್ವರ್‌ನಲ್ಲಿ ಅವರು ಪ್ರೊಸೆಸರ್ ಸೇರಿಸಿದ್ದಷ್ಟೇ ಅಲ್ಲ, ಫ್ಲೋಸ್ವಿಚ್ ಎಂಬ ಸಾಧನವನ್ನೇ ಕಟ್ಟಿದರು. ಅಂಕಿಗಳು ಒಂದರಿಂದ ಇನ್ನೊಂದಕ್ಕೆ ಸಾಗುವ ದಾರಿಯಲ್ಲೇ ಒಂದಿಷ್ಟು ಲೆಕ್ಕ ಮುಗಿಸಿಬಿಡುವ ಸ್ವಿಚ್ಚು ಅದು. ಸಿಕ್ಕು ಎಲ್ಲಿದೆ ಎಂದು ಕಂಡುಕೊಂಡು ಅಲ್ಲಿಗೇ ಕೈ ಹಾಕಿದವರು. ಇಂದು ನಮ್ಮ ಹುಡುಗಿಯೊಬ್ಬಳ ಲ್ಯಾಪ್‌ಟಾಪಿನಲ್ಲಿ ಆ ನಾಲ್ಕು ಪ್ರೊಸೆಸರ್‌ಗಳ ಯಂತ್ರಕ್ಕಿಂತ ಸಾವಿರಾರು ಪಟ್ಟು ಶಕ್ತಿ ಇದೆ, ಅದು ನೆನಪಿರಲಿ.

ಇದಕ್ಕೆ ಒಂದು ತಕರಾರು ಬರುತ್ತದೆ, ಗೊತ್ತು. ಫೋಟೋ ಮಾಡೆಲ್‌ಗೆ ಸಿಪಿಯು ಯಾಕೆ, ಜಿಪಿಯು ಬೇಕು, ಗೂಗಲ್ ಕೊಲ್ಯಾಬ್‌ನಲ್ಲಿ ಬಿಟ್ಟಿ ಸಿಗುತ್ತದೆ ಅಂತ. ಒಪ್ಪುತ್ತೇವೆ. ಚಿತ್ರದ ಕೆಲಸಕ್ಕೆ ಜಿಪಿಯು ಮುಂದೆ ಎಂಟು ಕೋರ್ ಏನೂ ಅಲ್ಲ, ಸಿಕ್ಕರೆ ಬಳಸಬೇಕು. ಆದರೆ 24 ಜಿಬಿ ಫೋಟೋವನ್ನು ಅಲ್ಲಿಗೆ ಕಳಿಸುವುದು ಹೇಗೆ? ದಿನಕ್ಕೆ ಎರಡು ಜಿಬಿಯ ಪ್ಯಾಕ್ ಪೂರ್ತಿ ಅದಕ್ಕೇ ಸುರಿದರೂ ಹನ್ನೆರಡು ದಿನ, ಅದೂ ಟವರ್ ಸರಿಯಾಗಿ ಸಿಕ್ಕರೆ. ಚಿಕ್ಕದು ಮಾಡಿದ 120 ಎಂಬಿ ಆದರೆ ತೋಟದ ಬದುವಿನಲ್ಲಿ ನಿಂತೇ ಕಳಿಸಬಹುದು. ಜಿಪಿಯು ಎಷ್ಟೇ ಜೋರಿರಲಿ, ಫೋಟೋ ತಂದುಕೊಡುವವನು ನಿಧಾನವಾದರೆ ಅದೂ ಕಾಯುತ್ತಾ ಕೂರುತ್ತದೆ. ಬಿಟ್ಟಿ ಜಿಪಿಯುಗೆ ಸಮಯದ ಮಿತಿ ಬೇರೆ ಇದೆ.

ವೇಗದ ಬಗ್ಗೆ ಇಷ್ಟು ಹಟ ಹಿಡಿಯಲು ನಮಗೆ ಇನ್ನೊಂದು ಕಾರಣ ಇದೆ, ಅದು ದುಡ್ಡಿಗಿಂತ ದೊಡ್ಡದು. ಒಂದು ಸಲ ಟ್ರೇನ್ ಮಾಡಲು ಎರಡು ರಾತ್ರಿ ಹಿಡಿದರೆ ಮಕ್ಕಳು ಏನು ಮಾಡುತ್ತಾರೆ? ಫೋಟೋ ಕಡಿಮೆ ಮಾಡುತ್ತಾರೆ. ನಮ್ಮ ತೋಟಕ್ಕೆ ಬಂದು ತೆಗೆದ ಫೋಟೋಗಳನ್ನು ಬಿಟ್ಟು, ಇಂಟರ್ನೆಟ್ಟಿನಲ್ಲಿ ಸಿಗುವ ನಾನೂರು ಐನೂರು ಚಿತ್ರಗಳನ್ನು ಹಾಕಿ ಒಂದೇ ಸಲ ಓಡಿಸುತ್ತಾರೆ. ತೊಂಬತ್ತೆಂಟು ಪರ್ಸೆಂಟ್ ಸರಿ ಎಂದು ರಿಪೋರ್ಟಿನಲ್ಲಿ ಬರೆದು, ಬೈಂಡ್ ಮಾಡಿಸಿ, ಕೊಟ್ಟುಬಿಡುತ್ತಾರೆ. ಆ ಮಾಡೆಲ್ ಅನ್ನು ಕಂದಿಕೆರೆಯ ತೋಟಕ್ಕೆ ತಂದರೆ ಧೂಳು ಕೂತ ಗರಿಯನ್ನೂ ನೀರಿಲ್ಲದೆ ಒಣಗಿದ ಗರಿಯನ್ನೂ ರೋಗ ಅಂದೀತು. ಅದನ್ನು ನಂಬಿ ರೈತ ಔಷಧಿ ಅಂಗಡಿಗೆ ಹೋದರೆ ಆ ಖರ್ಚು ಯಾರದು? ಅದೇ ಕೆಲಸ ಅರ್ಧ ಗಂಟೆಗೆ ಮುಗಿಯುವಂತಿದ್ದರೆ ಒಂದು ವಾರದಲ್ಲಿ ಮೂವತ್ತು ಸಲ ಮಾಡಿ ನೋಡಬಹುದು. ಎಲ್ಲಿ ತಪ್ಪು ಹೇಳಿತು ನೋಡಿ, ಮತ್ತೆ ತೋಟಕ್ಕೆ ಬಂದು, ಧೂಳಿನ ಗರಿಯ ಫೋಟೋ ಇನ್ನೂರು ತೆಗೆದು, ಸೇರಿಸಿ, ಮತ್ತೆ ಕಲಿಸಬಹುದು. ಮಾಡೆಲ್ ಒಳ್ಳೆಯದಾಗುವುದು ಹಾಗೆಯೇ.

ಅದಕ್ಕೆ ಕಾಲೇಜಿನ ಮೇಷ್ಟ್ರುಗಳಿಗೆ ನಮ್ಮದೊಂದು ಕೋರಿಕೆ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಒಂದೇ ಒಂದು ಪುಟ ಹೆಚ್ಚಿಗೆ ಕೇಳಿ. ಇದೇ ಕೆಲಸ ಒಂದು ಕೋರಿನಲ್ಲಿ ಎಷ್ಟು ನಿಮಿಷ, ಎರಡರಲ್ಲಿ ಎಷ್ಟು, ನಾಲ್ಕರಲ್ಲಿ, ಎಂಟರಲ್ಲಿ? ಎಲ್ಲಿಗೆ ಬಂದು ಇಳಿಯುವುದು ನಿಂತಿತು, ಯಾಕೆ? ಮುನ್ನುಡಿಯಲ್ಲಿ ಎಐ ಜಗತ್ತನ್ನು ಹೇಗೆ ಬದಲಿಸುತ್ತಿದೆ ಎಂದು ಬರೆಯುವ ಎರಡು ಪುಟ ಬಿಟ್ಟರೂ ಚಿಂತೆಯಿಲ್ಲ. ಇದನ್ನು ಕಲಿಯಲು ಹೊಸ ಯಂತ್ರವೂ ಬೇಡ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಒಂದು ಹಳೇ ಕಂಪ್ಯೂಟರ್ ಇದ್ದರೂ ಸಾಕು. ನಿಧಾನದ ಯಂತ್ರದಲ್ಲಿ ಸಿಕ್ಕು ಇನ್ನೂ ಚೆನ್ನಾಗಿ ಕಾಣುತ್ತದೆ.

ತಂದೆ ತಾಯಂದಿರೂ ಆ ಪುಟ ಕೇಳಬಹುದು. ಇಂಗ್ಲಿಷ್ ಬರಬೇಕಿಲ್ಲ, ನಾಲ್ಕು ಅಂಕಿ ಅಷ್ಟೇ. ನಾಲ್ಕು ಕೋರಿನ ನಿಮಿಷವೂ ಎಂಟು ಕೋರಿನ ನಿಮಿಷವೂ ಹೆಚ್ಚು ಕಡಿಮೆ ಒಂದೇ ಇದ್ದರೆ ಹದಿನಾರು ಕೋರ್ ಕೊಂಡು ಪ್ರಯೋಜನವಿಲ್ಲ. ಪ್ರತಿ ಸಲವೂ ಸರಿಯಾಗಿ ಅರ್ಧಕ್ಕೆ ಇಳಿಯುತ್ತಾ ಬಂದಿದ್ದರೆ ಮಗಳು ಕೇಳುವುದರಲ್ಲಿ ನ್ಯಾಯ ಇದೆ, ಶಕ್ತಿ ಇದ್ದರೆ ಕೊಡಿಸಿ. ಮೆಮೊರಿ ಸಾಲದೆ ನಿಂತಿದ್ದರೆ ರ‍್ಯಾಮ್ ಎಂಟರಿಂದ ಹದಿನಾರಕ್ಕೆ ಏರಿಸಿ. ಡಿಸ್ಕಿನಿಂದ ನಿಂತಿದ್ದರೆ, ಫೋಟೋ ಚಿಕ್ಕದು ಮಾಡಿದ ಮೇಲೂ ನಿಂತಿದ್ದರೆ, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ. ಎರಡೂ ಸೇರಿದರೂ ಹೊಸ ಲ್ಯಾಪ್‌ಟಾಪ್‌ನಷ್ಟು ಆಗುವುದಿಲ್ಲ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅವುಗಳಲ್ಲಿ ಬದಲಿಸಲು ಬರುವುದಿಲ್ಲ. ಈ ವರ್ಷ ಮೊದಲ ಲ್ಯಾಪ್‌ಟಾಪ್ ಕೊಡಿಸುವವರು ಕೋರ್ ಎಷ್ಟು ಎಂದು ಕೇಳುವ ಮುಂಚೆ ಅದನ್ನು ಕೇಳಿ.